ಏಜೆನ್ಸಿ ಬೇಡ, ಸಂಘ ಸಾಕು: ಸಿಟೀಲಿ ಕೆಲಸಗಾರರೇ ಮಾಲೀಕರಾಗೋ ಸಹಕಾರ ಸಂಘ ಕಟ್ಟೋದು ಹೇಗೆ?

ಬೆಂಗಳೂರಿನ ಯಾವುದಾದ್ರೂ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವ್ರನ್ನ ಕೇಳಿ ನೋಡಿ, ಹೌಸ್‌ಕೀಪಿಂಗ್ ಏಜೆನ್ಸಿಗೆ ತಲೆಗಿಷ್ಟು ಅಂತ ತಿಂಗಳಿಗೆ ಎಷ್ಟು ಬಿಲ್ ಕಟ್ತೀರಾ ಅಂತ. ಆಮೇಲೆ ಅಲ್ಲೇ ಮೆಟ್ಟಿಲು ಒರೆಸ್ತಿರೋ ಅಕ್ಕನ್ನ ಕೇಳಿ, ಕೈಗೆ ಎಷ್ಟು ಬರತ್ತೆ ಅಂತ. ಎರಡರ ಮಧ್ಯೆ ಇರೋ ಗ್ಯಾಪ್ ಇದೆಯಲ್ಲ, ಈ ಬರಹ ಪೂರ್ತಿ ಅದರ ಬಗ್ಗೆನೇ. ಆ ದುಡ್ಡಲ್ಲಿ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), ಬೋನಸ್ ಎಲ್ಲ ಇರ್ಬೇಕು, ಬಿಲ್‌ನಲ್ಲಿ ಇರತ್ತೆ ಕೂಡ, ಆದ್ರೆ ಎಷ್ಟೋ ಕಡೆ ಅಕ್ಕನಿಗೆ ಪಿಎಫ್ ನಂಬರ್ರೇ ಗೊತ್ತಿರಲ್ಲ.

ಈ ಕೆಲಸಗಳಲ್ಲಿ ಯಾರಿದ್ದಾರೆ ಅಂತ ಬಿಡಿಸಿ ಹೇಳೋದು ಬೇಡ. ದಲಿತರು, ಮುಸ್ಲಿಮರು, ರಾಯಚೂರು ಕಲಬುರಗಿ ಕಡೆಯಿಂದ ಗುಳೆ ಬಂದವ್ರು, ಗಂಡ ಬಿಟ್ಟುಹೋದ ಹೆಂಗಸರು. ಇವರಿಗೆ ಸ್ಕಿಲ್ ಟ್ರೈನಿಂಗ್ ಕೊಡ್ತೀವಿ ಅಂತ ಬರೋರು ಬಹಳ ಜನ, ಮಾಲೀಕತ್ವ ಕೊಡ್ತೀವಿ ಅಂತ ಬರೋರು ಕಮ್ಮಿ. ಮಾಲೀಕತ್ವ ಯಾರೂ ಕೊಡೋದೂ ಅಲ್ಲ ಬಿಡಿ, ಸಂಘ ರಿಜಿಸ್ಟರ್ ಮಾಡಿ ತಗೋಬೇಕಾದ್ದು. ಅದನ್ನ ಹೆಂಗೆ ಮಾಡೋದು, ಯಾವ ಆರ್ಡರ್‌ನಲ್ಲಿ ಮಾಡೋದು, ಎಲ್ಲಿ ಎಡವ್ತಾರೆ ಅನ್ನೋದನ್ನ ಇಲ್ಲಿ ಬರೆದಿದೀನಿ. ಉದಾಹರಣೆಗೆ ಹೌಸ್‌ಕೀಪಿಂಗ್ ತಗೊಂಡಿದೀನಿ, ಆದ್ರೆ ಅಡುಗೆ, ಟೈಲರಿಂಗ್, ಒಣಕಸ, ಪೇಂಟಿಂಗ್, ವಯಸ್ಸಾದವ್ರನ್ನ ನೋಡ್ಕೊಳೋ ಕೆಲಸ ಎಲ್ಲಕ್ಕೂ ಹೆಚ್ಚುಕಮ್ಮಿ ಇದೇ ದಾರಿ.

ಇದೇನೂ ಹೊಸ ಐಡಿಯಾ ಅಲ್ಲ

ಗದಗದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಶುರು ಮಾಡಿದ್ದು ಶಾಲೆ ಪಾಠದಲ್ಲಿ ಓದಿರ್ತೀರಿ. ಆದ್ರೆ ಅದು ರೈತರ ಸಾಲದ ಸಂಘ. ಕೆಲಸಗಾರರೇ ಕಂಪನಿ ನಡೆಸಿದ ಕಥೆ ಬೇಕು ಅಂದ್ರೆ ಚರ್ಚ್ ಸ್ಟ್ರೀಟ್‌ನ ಇಂಡಿಯಾ ಕಾಫಿ ಹೌಸ್‌ಗೆ ಹೋಗಿ ಒಂದು ಮಸಾಲೆ ದೋಸೆ ಹೇಳಿ. 50ರ ದಶಕದಲ್ಲಿ ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನ ಮುಚ್ಚೋಕೆ ಹೊರಟಾಗ ಕೆಲಸ ಕಳ್ಕೊಂಡ ಸರ್ವರ್‌ಗಳು, ಅಡುಗೆಯವ್ರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಬೆಂಬಲದಲ್ಲಿ ತಾವೇ ಸಂಘ ಕಟ್ಟಿದ್ರು, ದೇಶದಲ್ಲೇ ಮೊದಲನೇದು 1957ರ ಆಗಸ್ಟ್‌ನಲ್ಲಿ ಇದೇ ಬೆಂಗಳೂರಲ್ಲಿ ಶುರುವಾಯ್ತು. ಎಂ.ಜಿ. ರೋಡ್ ಜಾಗ 2009ರಲ್ಲಿ ಹೋಯ್ತು, ಸಂಘ ಹೋಗ್ಲಿಲ್ಲ.

ಇನ್ನೊಂದು ಕಥೇಲಿ ನಮ್ಮ ಮಂಗಳೂರೂ ಇದೆ, ಆದ್ರೆ ಹೆಮ್ಮೆ ಪಡೋ ಥರ ಅಲ್ಲ. 1966ರ ಬೀಡಿ ಕಾರ್ಮಿಕರ ಕಾಯ್ದೆ ಜಾರಿಗೆ ಬರೋ ಹೊತ್ತಿಗೆ ಮಂಗಳೂರಿನ ಬೀಡಿ ಕಂಪನಿಗಳು ಕಣ್ಣೂರಿನ ತಮ್ಮ ಕೆಲಸ ನಿಲ್ಲಿಸಿಬಿಟ್ರು, ಸಾವಿರಾರು ಜನ ಬೀದಿಗೆ ಬಿದ್ರು. ಅವ್ರೇ 1969ರಲ್ಲಿ ದಿನೇಶ್ ಬೀಡಿ ಅಂತ ಸಹಕಾರ ಸಂಘ ಮಾಡ್ಕೊಂಡ್ರು. ಬೀಡಿ ಬಿಸಿನೆಸ್ ಇಳಿದಾಗ ತಿಂಡಿ, ಛತ್ರಿ, ಸಾಫ್ಟ್‌ವೇರ್‌ಗೂ ಕೈ ಹಾಕಿದ್ರು. ಅಲ್ಲೇ ಪಕ್ಕದಲ್ಲಿ ಊರಾಳುಂಗಲ್ ಸಂಘ, 1925ರದ್ದು, ಜಾತಿ ವಿರೋಧ ಮಾಡಿದ ವಾಗ್ಭಟಾನಂದರ ಶಿಷ್ಯರಿಗೆ ಜಮೀನ್ದಾರರು ಕೂಲಿ ಕೆಲಸ ಕೊಡಲ್ಲ ಅಂದಾಗ ಹುಟ್ಟಿದ್ದು. ಇವತ್ತು ಕೇರಳದ ಹೈವೇ, ಸೇತುವೆ ಕಾಂಟ್ರಾಕ್ಟ್ ತಗೊಳ್ಳೋ ಮಟ್ಟಕ್ಕೆ ಬೆಳೆದಿದೆ. ಗಮನಿಸಿ, ಈ ಮೂರೂ ಕಡೆ ಜನಕ್ಕೆ ಕೆಲಸ ಮೊದಲೇ ಗೊತ್ತಿತ್ತು, ಯಾರೂ ಹೊಸದಾಗಿ ಕಲಿತು ಸಂಘ ಮಾಡಿದ್ದಲ್ಲ.

ಮೊದಲು ಡಿಸೈಡ್ ಮಾಡಿ: ಸಂಘನೋ, ಸ್ವಂತ ಅಂಗಡಿನೋ

ಎಲ್ಲದಕ್ಕೂ ಸಹಕಾರ ಸಂಘ ಅನ್ನೋದು ಹುಚ್ಚುತನ. ಒಬ್ಬರ ಕೈಗುಣದ ಮೇಲೆ ನಡೆಯೋ ಬಿಸಿನೆಸ್, ಅಂದ್ರೆ ಗ್ಯಾರೇಜು, ಬಿರಿಯಾನಿ ಹೋಟ್ಲು, ಚಪ್ಪಲಿ ಅಂಗಡಿ, ಇಂಥದ್ದು ಸ್ವಂತದ್ದಾಗೇ ಇರ್ಲಿ, ಅದರ ಬಗ್ಗೆ ಕೆಳಗೆ ಬೇರೆ ಬರೆದಿದೀನಿ. ಸಂಘ ಒಪ್ಪೋದು ಎಲ್ಲಿ ಅಂದ್ರೆ ಒಂದೇ ಥರದ ಕೆಲಸ ಹತ್ತಾರು ಜನ ಮಾಡೋ ಕಡೆ, ಬಂಡವಾಳ ಕಮ್ಮಿ ಬೇಕಾಗೋ ಕಡೆ, ಮತ್ತೆ ಈಗಾಗ್ಲೇ ಮಧ್ಯದಲ್ಲಿ ಒಬ್ಬ ಮೇಸ್ತ್ರಿನೋ ಏಜೆನ್ಸಿನೋ ಕೂತು ಕಮಿಷನ್ ಹೊಡೀತಿರೋ ಕಡೆ. ಮಧ್ಯವರ್ತಿ ಇಲ್ಲ ಅಂದ್ರೆ ಉಳಿಸೋಕೆ ದುಡ್ಡೂ ಇಲ್ಲ, ಸಂಘಕ್ಕೆ ಕಾರಣಾನೂ ಇಲ್ಲ.

ಇನ್ನೊಂದು ಕನ್‌ಫ್ಯೂಷನ್ ಇದೆ. ಕಮಿಷನ್ ಇಲ್ಲದ ಆ್ಯಪ್ ಬಂದ ತಕ್ಷಣ ಡ್ರೈವರ್‌ಗಳೇ ಮಾಲೀಕರಾದ್ರು ಅಂತ ಅಂದ್ಕೋತಾರೆ. ನಮ್ಮ ಯಾತ್ರಿ ಬಂದಾಗ ಆಟೋದವ್ರಿಗೆ ಕಮಿಷನ್ ಉಳೀತು, ಅದು ಒಳ್ಳೇದೇ, ಆದ್ರೆ ಮುಂದೆ ರೇಟ್ ಏನಾಗ್ಬೇಕು ಅಂತ ತೀರ್ಮಾನ ಮಾಡೋ ವೋಟು ಆಟೋದವ್ರ ಹತ್ರ ಇಲ್ಲ. ಸಹಕಾರ ಸಂಘದಲ್ಲಿ ಒಬ್ರಿಗೆ ಒಂದು ವೋಟು, ಷೇರು ಎಷ್ಟೇ ಇರ್ಲಿ. ವ್ಯತ್ಯಾಸ ಇಷ್ಟೇ, ಆದ್ರೆ ದೊಡ್ಡದು.

ಜನ ಸೇರ್ಸೋದು

ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ ಪ್ರಕಾರ ಕನಿಷ್ಠ ಹತ್ತು ಜನ ಬೇಕು, ಹತ್ತೂ ಜನ ಬೇರೆ ಬೇರೆ ಕುಟುಂಬದವ್ರಾಗಿರ್ಬೇಕು. ಅತ್ತೆ ಸೊಸೆ ಇಬ್ಬರನ್ನೂ ಹಾಕಿ ಹತ್ತು ಮಾಡೋಕಾಗಲ್ಲ. ಹದಿನೈದು ಹದಿನೆಂಟು ಜನರ ಹತ್ರ ಮಾತಾಡಿ, ಹತ್ತು ಉಳೀತಾರೆ.

ಯಾರನ್ನ ಸೇರಿಸ್ಬೇಕು? ಈಗಾಗ್ಲೇ ಒಟ್ಟಿಗೆ ಚೀಟಿ ಹಾಕ್ತಿರೋರು, ಸ್ತ್ರೀಶಕ್ತಿ ಸಂಘದಲ್ಲಿ ಇರೋರು ಅಂದ್ರೆ ಅರ್ಧ ಕೆಲಸ ಮುಗೀತು, ಯಾರು ಕಂತು ಸರಿಯಾಗಿ ಕಟ್ತಾರೆ ಯಾರು ಸತಾಯಿಸ್ತಾರೆ ಅಂತ ಅವ್ರಿಗೇ ಗೊತ್ತಿರತ್ತೆ. ಆದ್ರೆ ಒಂದೇ ಓಣಿಯ ಒಂದೇ ಜಾತಿಯವ್ರನ್ನ ಮಾತ್ರ ಸೇರಿಸ್ಬೇಡಿ. ಆದರ್ಶಕ್ಕೆ ಹೇಳ್ತಿಲ್ಲ, ಡ್ಯೂಟಿ ಚಾರ್ಟ್ ನೋಡಿ ಹೇಳ್ತಿರೋದು. ಯುಗಾದಿ ದಿನ ಎಲ್ಲರಿಗೂ ರಜಾ ಬೇಕು ಅಂದ್ರೆ ಅಪಾರ್ಟ್‌ಮೆಂಟ್‌ನವ್ರು ಮುಖ ಸಿಂಡರಿಸ್ತಾರೆ, ಟೀಮ್‌ನಲ್ಲಿ ಶಬಾನಾನೂ ಮೇರಿನೂ ಇದ್ರೆ ಯುಗಾದಿಗೆ ಅವ್ರು ಡ್ಯೂಟಿ ನೋಡ್ಕೋತಾರೆ, ರಂಜಾನ್‌ಗೆ ಕ್ರಿಸ್‌ಮಸ್‌ಗೆ ಉಳಿದವ್ರು. ರಂಜಾನ್ ತಿಂಗಳಲ್ಲಿ ಉಪವಾಸ ಇರೋರಿಗೆ ಬೆಳಗಿನ ಶಿಫ್ಟ್ ಕೊಟ್ಟು ಮಧ್ಯಾಹ್ನಕ್ಕೆ ಬಿಡಬಹುದು. ಏಜೆನ್ಸಿಯವ್ರಿಗೆ ಇದನ್ನೆಲ್ಲ ಯೋಚನೆ ಮಾಡೋ ಗರಜೇ ಇಲ್ಲ, ನಿಮಗೆ ಇದೆ.

ಒಂದು ಎಚ್ಚರಿಕೆ. ಹಳೇ ಸೂಪರ್‌ವೈಸರ್ ಒಬ್ಬ ಬಂದು ನಾನೂ ಸೇರ್ತೀನಿ, ನನಗೆ ಎಲ್ಲ ಗೊತ್ತು ಅಂತಾನೆ. ಸೇರಿಸ್ಕೊಳ್ಳಿ ಬೇಕಾದ್ರೆ, ಆದ್ರೆ ಮೊದಲ ಅವಧಿಗೆ ಅಧ್ಯಕ್ಷನ ಸೀಟು ಕೊಡ್ಬೇಡಿ, ಚೆಕ್ ಬುಕ್ಕಂತೂ ಬೇಡವೇ ಬೇಡ.

ರಿಜಿಸ್ಟ್ರೇಷನ್‌ಗಿಂತ ಮುಂಚೆ ಗಿರಾಕಿ

ಇದನ್ನ ದಪ್ಪ ಅಕ್ಷರದಲ್ಲಿ ಬರ್ಕೊಳ್ಳಿ. ಸಂಘಗಳು ಬಂಡವಾಳ ಇಲ್ದೆ ಸಾಯೋದಕ್ಕಿಂತ ಕೆಲಸ ಇಲ್ದೆ ಸಾಯೋದೇ ಜಾಸ್ತಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಎಲ್ರೂ ಉಲ್ಟಾ ಮಾಡ್ತಾರೆ, ಮೊದಲು ರಿಜಿಸ್ಟ್ರೇಷನ್, ಬೋರ್ಡು, ಉದ್ಘಾಟನೆಗೆ ಎಮ್ಮೆಲ್ಲೆ, ಫೋಟೋ, ಆಮೇಲೆ ಕೆಲಸ ಹುಡುಕೋಕೆ ಹೊರಡ್ತಾರೆ, ಅಷ್ಟರಲ್ಲಿ ಮೂರು ತಿಂಗಳು ಪಗಾರ ಇಲ್ಲ ಅಂತ ಅರ್ಧ ಜನ ವಾಪಸ್ ಏಜೆನ್ಸಿಗೆ ಹೋಗಿರ್ತಾರೆ.

ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಎವರ್‌ಗ್ರೀನ್ ಅಂತ ಕಾರ್ಮಿಕ ಸಹಕಾರ ಸಂಘಗಳಿವೆ, 2008ರಲ್ಲಿ ಶುರುವಾಗಿದ್ದು, ಕಪ್ಪು ಜನ ಜಾಸ್ತಿ ಇರೋ ಬಡ ಏರಿಯಾಗಳಿಗೆ ಅಂತ. ಅವ್ರ ಪ್ಲಾನ್ ಸಿಂಪಲ್: ಆ ಊರಲ್ಲಿ ದೊಡ್ಡ ಆಸ್ಪತ್ರೆ, ಯೂನಿವರ್ಸಿಟಿ ಇವೆ, ಅವೇನೂ ಊರು ಬಿಟ್ಟು ಹೋಗಲ್ಲ, ಅವುಗಳ ಬಟ್ಟೆ ಒಗೆಯೋ ಕೆಲಸ ಸ್ಥಳೀಯರ ಸಂಘಕ್ಕೆ ಸಿಗ್ಲಿ. ಆದ್ರೆ ಶುರುವಲ್ಲಿ ಆ ದೊಡ್ಡ ಆಸ್ಪತ್ರೆಗಳ ಲಾಂಡ್ರಿ ಅಂದ್ಕೊಂಡಷ್ಟು ಸಿಗ್ಲಿಲ್ಲ, ಚಿಕ್ಕ ನರ್ಸಿಂಗ್ ಹೋಮ್‌ಗಳ ಮೇಲೆ ದಿನ ದೂಡಿದ್ರು. 2018ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಲಾಂಡ್ರಿ ಘಟಕ ನಡೆಸೋ ಕೆಲಸ ಬಂದ ಮೇಲೆ ಸಂಘದ ಗಾತ್ರವೇ ಬದಲಾಯ್ತು.

ಇನ್ನೂ ಹತ್ತಿರದ್ದು ಪುಣೆಯ ಸ್ವಚ್ಛ್ ಸಂಘ. ಕಸ ಆಯೋ ಹೆಂಗಸರು, ಬಹುಪಾಲು ದಲಿತರು, 1993ರಲ್ಲೇ ಯೂನಿಯನ್ ಕಟ್ಕೊಂಡಿದ್ರು. ಆಮೇಲೆ ಸಹಕಾರ ಸಂಘ ಮಾಡಿ 2008ರಲ್ಲಿ ಪುಣೆ ಪಾಲಿಕೆ ಜೊತೆ ಒಪ್ಪಂದ ಮಾಡ್ಕೊಂಡ್ರು. ಮನೆಮನೆ ಕಸ ಅವ್ರೇ ಎತ್ತೋದು, ಮನೆಯವ್ರು ಕೊಡೋ ಫೀಸು ನೇರವಾಗಿ ಅವ್ರ ಕೈಗೆ, ಒಣಕಸ ಮಾರಿದ ದುಡ್ಡೂ ಅವ್ರಿಗೇ. ಮಧ್ಯದಲ್ಲಿ ಕಾಂಟ್ರಾಕ್ಟರ್ ಇಲ್ಲ. ನಮ್ಮಲ್ಲೂ 2011ರಲ್ಲಿ ಬಿಬಿಎಂಪಿ ಚಿಂದಿ ಆಯೋರಿಗೆ ಗುರುತಿನ ಚೀಟಿ ಕೊಡ್ತು, ಚಿಂದಿ ಆಯೋರ ಜೊತೆ ಕೆಲಸ ಮಾಡೋ ಹಸಿರು ದಳ ಸಂಸ್ಥೆಯವ್ರು ಬೆನ್ನಿಗೆ ನಿಂತು ಕೆಲವು ವಾರ್ಡ್‌ಗಳಲ್ಲಿ ಒಣಕಸ ಕೇಂದ್ರ ನಡೆಸೋದು ಅವ್ರ ಕೈಗೇ ಬಂತು. ಕಸ ಎತ್ತುತಿದ್ದವ್ರೇ ಸೆಂಟರ್ ನಡೆಸ್ತಾರೆ ಅಂದ್ರೆ ಸಣ್ಣ ಮಾತಲ್ಲ.

ನೀವು ಏನು ಮಾಡ್ಬೇಕು ಅಂದ್ರೆ, ಸದಸ್ಯರು ಈಗ ಕೆಲಸ ಮಾಡ್ತಿರೋ ಜಾಗಗಳ ಪಟ್ಟಿ ಮಾಡಿ. ಯಾವ ಅಪಾರ್ಟ್‌ಮೆಂಟ್‌ನ ಏಜೆನ್ಸಿ ಕಾಂಟ್ರಾಕ್ಟ್ ಯಾವಾಗ ಮುಗಿಯತ್ತೆ, ಸೆಕ್ರೆಟರಿ ಯಾರು, ಹೋದ ವರ್ಷ ಎಷ್ಟು ಸಲ ಏಜೆನ್ಸಿ ಬದಲಾಯ್ತು. ಹೆಂಗಸರಿಗೆ ಇದೆಲ್ಲ ಗೊತ್ತಿರತ್ತೆ, ಯಾರೂ ಕೇಳಿರಲ್ಲ ಅಷ್ಟೇ. ಅಸೋಸಿಯೇಷನ್‌ನವ್ರ ತಲೆನೋವು ರೇಟ್‌ಗಿಂತ ಜಾಸ್ತಿ ಇರೋದು ಏನ್ರಲ್ಲಿ ಗೊತ್ತಾ? ಬೆಳಿಗ್ಗೆ ಆರೂವರೆಗೆ ಜನ ಬರ್ತಾರಾ ಇಲ್ವಾ ಅನ್ನೋದ್ರಲ್ಲಿ. ಅದನ್ನ ಇಟ್ಕೊಂಡೇ ಮಾತಾಡಿ: ಒಬ್ರು ಬರ್ಲಿಲ್ಲ ಅಂದ್ರೆ ಏಳು ಗಂಟೆಯೊಳಗೆ ಇನ್ನೊಬ್ರು ಇರ್ತಾರೆ. ಒಂದು ಅಪಾರ್ಟ್‌ಮೆಂಟ್‌ನಿಂದಾದ್ರೂ, ಸಂಘ ರಿಜಿಸ್ಟರ್ ಆದ್ರೆ ನಿಮಗೆ ಕೆಲಸ ಕೊಡ್ತೀವಿ ಅಂತ ಲೆಟರ್ ತಗೊಂಡು ಮುಂದಿನ ಹೆಜ್ಜೆ ಇಡಿ. ರಿಜಿಸ್ಟ್ರಾರ್ ಆಫೀಸಲ್ಲಿ ಸಂಘ ನಡೆಯತ್ತೆ ಅನ್ನೋಕೆ ಏನು ಆಧಾರ ಅಂತ ಕೇಳಿದಾಗ ಅದೇ ಲೆಟರ್ ಕೆಲಸಕ್ಕೆ ಬರತ್ತೆ.

ರೇಟ್ ಲೆಕ್ಕ, ಕೂತು ಹಾಕಿ

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಕೆಳಗಿನ ನಂಬರ್‌ಗಳು ಉದಾಹರಣೆಗೆ ಅಂತ ನಾನು ಹಾಕಿರೋದು, ನಿಮ್ಮ ಏರಿಯಾದ ಕನಿಷ್ಠ ವೇತನ ಕಾರ್ಮಿಕ ಇಲಾಖೆ ನೋಟಿಫಿಕೇಷನ್‌ನಲ್ಲಿ ನೋಡಿ ಹಾಕ್ಕೊಳ್ಳಿ, ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಬದಲಾಗತ್ತೆ.

ಒಬ್ರ ಪಗಾರ 16,000 ಅಂತ ಇಟ್ಕೊಳ್ಳಿ. ಪಿಎಫ್‌ಗೆ ಮಾಲೀಕರ ಪಾಲು, ಅಡ್ಮಿನ್ ಚಾರ್ಜೂ ಸೇರಿ, 15,000 ಮಿತಿ ಮೇಲೆ ಶೇ. 13, ಅಂದ್ರೆ 1,950. ಇಎಸ್‌ಐ ಮಾಲೀಕರ ಪಾಲು ಶೇ. 3.25, ಅಂದ್ರೆ 520. ಬೋನಸ್ ಶೇ. 8.33 ಎತ್ತಿಟ್ರೆ 1,333. ಇಲ್ಲಿಗೆ 19,803 ಆಯ್ತು. ಈಗ ಎಲ್ರೂ ಮರೆಯೋದು: ವಾರದ ರಜೆ. ಅಪಾರ್ಟ್‌ಮೆಂಟ್‌ಗೆ ಏಳೂ ದಿನ ಜನ ಬೇಕು, ಮನುಷ್ಯರು ಆರು ದಿನ ಕೆಲಸ ಮಾಡ್ತಾರೆ, ಹಂಗಾಗಿ ಪ್ರತಿ ಪೋಸ್ಟ್‌ಗೂ ಪಗಾರದ ಆರನೇ ಒಂದು ಭಾಗ ರಿಲೀವರ್‌ಗೆ, ಅಂದ್ರೆ ರಜೆ ದಿನ ಬದಲಿಗೆ ಬರೋರಿಗೆ, 2,667. ಪೊರಕೆ, ಮಾಪು, ಫಿನಾಯಿಲು, ಗ್ಲೌಸು 500. ಸಂಘದ ಖರ್ಚು, ಅಂದ್ರೆ ಲೆಕ್ಕ ಬರೆಯೋರು, ಫೋನು, ಆಡಿಟ್, 1,000. ಒಟ್ಟು 23,970. ರೌಂಡ್ ಆಗಿ 24,000.

ಏಜೆನ್ಸಿನೂ ಹತ್ತಿರ ಹತ್ತಿರ ಅಷ್ಟಕ್ಕೇ ಕೋಟ್ ಮಾಡಿ ಲಾಭ ಹೆಂಗೆ ಮಾಡತ್ತೆ? ಹೆಚ್ಚಿನ ಕಡೆ ಉತ್ತರ ಆ ರಿಲೀವರ್ ಲೈನಲ್ಲಿ, ಪಿಎಫ್ ಲೈನಲ್ಲಿ ಇರತ್ತೆ. ಒಬ್ಬಳೇ ಹೆಂಗಸು ತಿಂಗಳಲ್ಲಿ 30 ದಿನ ಬರ್ತಾಳೆ, ರಜಾ ಹಾಕಿದ ದಿನ ಪಗಾರ ಕಟ್. ಸಂಘ ಇದನ್ನ ಮಾಡೋ ಹಾಗಿಲ್ಲ, ಮಾಡಿದ್ರೆ ಸಂಘ ಯಾಕೆ?

ಹಾಗಾದ್ರೆ ಕಾಂಪಿಟಿಷನ್‌ನಲ್ಲಿ ಗೆಲ್ಲೋದು ಹೆಂಗೆ? ಇಲ್ಲೊಂದು ಕಾನೂನುಬದ್ಧ ಅನುಕೂಲ ಇದೆ, ಬಹಳ ಜನ ಯೂಸ್ ಮಾಡಲ್ಲ. ಸರ್ವಿಸ್ ಕೊಡೋರಿಗೆ ವರ್ಷದ ವಹಿವಾಟು 20 ಲಕ್ಷ ದಾಟೋವರೆಗೆ ಜಿಎಸ್‌ಟಿ ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ. ಆರು ಪೋಸ್ಟ್ ಅಂದ್ರೆ ತಿಂಗಳಿಗೆ 1,44,000, ವರ್ಷಕ್ಕೆ 17.28 ಲಕ್ಷ. ದೊಡ್ಡ ಏಜೆನ್ಸಿ ಇದೇ 24,000ದ ಮೇಲೆ ಶೇ. 18 ಜಿಎಸ್‌ಟಿ ಹಾಕ್ಲೇಬೇಕು, 4,320 ಜಾಸ್ತಿ, ಆರು ಜನಕ್ಕೆ ತಿಂಗಳಿಗೆ 25,920. ಜಿಎಸ್‌ಟಿ ರಿಜಿಸ್ಟ್ರೇಷನ್ ಇಲ್ಲದ ಚಿಕ್ಕ ಅಸೋಸಿಯೇಷನ್‌ಗೆ ಆ ಟ್ಯಾಕ್ಸ್ ವಾಪಸ್ ಬರಲ್ಲ, ಅಷ್ಟೂ ಖರ್ಚೇ. ನೀವು ಎಲ್ಲ ನಿಯಮ ಪಾಲಿಸಿ, ಪೂರ್ತಿ ಪಗಾರ ಕೊಟ್ಟು, ಆಮೇಲೂ ಏಜೆನ್ಸಿಗಿಂತ ಕಮ್ಮಿಗೆ ಕೊಡಬಹುದು. ಅದಕ್ಕೇ ಮೊದಲ ವರ್ಷ ಚಿಕ್ಕ ಅಪಾರ್ಟ್‌ಮೆಂಟ್ ಹಿಡೀರಿ, ಐವತ್ತು ಎಂಬತ್ತು ಫ್ಲಾಟ್‌ನದ್ದು. ಎಂಟು ಪೋಸ್ಟ್ ಆದ್ರೆ 23 ಲಕ್ಷ ಆಗಿ ಮಿತಿ ದಾಟತ್ತೆ, ಆ ಲಾಭ ಹೋಗತ್ತೆ, ಆವಾಗ ನಿಮ್ಮ ಹೆಸರೇ ನಿಮ್ಮನ್ನ ಕಾಪಾಡ್ಬೇಕು. ಆರು ಪೋಸ್ಟ್‌ಗೆ ಒಬ್ಬ ರಿಲೀವರ್ ಸೇರಿ ಏಳು ಜನ ಫುಲ್ ಟೈಮ್ ಆದ್ರು, ಉಳಿದ ಮೂವರು ಮನೆ ಡೀಪ್ ಕ್ಲೀನಿಂಗ್ ಆರ್ಡರ್ ಮಾಡ್ಲಿ, ಆ ವಹಿವಾಟೂ 20 ಲಕ್ಷದ ಲೆಕ್ಕದಲ್ಲಿ ಬರತ್ತೆ, ಮರೀಬೇಡಿ. ಇನ್ನು ಕಾಯ್ದೆ ಪ್ರಕಾರ ಇಎಸ್‌ಐ ಕಡ್ಡಾಯ ಆಗೋದು 10 ಜನಕ್ಕೆ, ಪಿಎಫ್ ಸಾಮಾನ್ಯವಾಗಿ 20 ಜನಕ್ಕೆ (ಕರೆಂಟ್ ಬಳಸದೆ ಕೆಲಸ ಮಾಡೋ ಸಹಕಾರ ಸಂಘಕ್ಕಾದ್ರೆ 50), ಆದ್ರೂ ಮೊದಲ ದಿನದಿಂದ ಎರಡನ್ನೂ ರೇಟ್‌ನಲ್ಲಿ ಹಾಕಿಡಿ, ಪಿಎಫ್‌ಗೆ ಸ್ವಇಚ್ಛೆಯಿಂದ ಸೇರೋ ದಾರಿನೂ ಇದೆ. ಆಮೇಲೆ ರೇಟ್ ಏರಿಸಿ ಅಂತ ಕೇಳೋದು ಬಹಳ ಕಷ್ಟ.

ರಿಜಿಸ್ಟ್ರೇಷನ್

ಮೊದಲು ಪ್ರವರ್ತಕರ, ಅಂದ್ರೆ ಸಂಘ ಶುರು ಮಾಡೋರ, ಸಭೆ ಮಾಡಿ, ನಡಾವಳಿ ಬರೆದು ಎಲ್ರ ಸಹಿ ಹಾಕ್ಸಿ, ಒಬ್ರನ್ನ ಮುಖ್ಯ ಪ್ರವರ್ತಕರು ಅಂತ ಆರಿಸಿ. ಹೆಬ್ಬೆಟ್ಟು ಇರೋರಿದ್ರೆ ಓದಿ ಹೇಳಿದೀವಿ ಅಂತ ಬರೆದು ಸಾಕ್ಷಿ ಸಹಿ ಇರ್ಲಿ. ಆಮೇಲೆ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಆಫೀಸು, ಎಆರ್‌ಸಿಎಸ್ ಅಂತಾರೆ. ಷೇರು ಹಣ ಸಂಗ್ರಹಿಸೋಕೆ ಪರ್ಮಿಷನ್, ಬ್ಯಾಂಕ್ ಅಕೌಂಟು, ಬೈಲಾ (ಸಂಘದ ನಿಯಮಾವಳಿ) ಕಾಪಿಗಳು, ಸದಸ್ಯರ ಆಧಾರ್ ಫೋಟೋ, ಸಂಘ ಹೇಗೆ ನಡೆಯತ್ತೆ ಅನ್ನೋ ಯೋಜನಾ ವರದಿ. ಮೂರು ನಾಲ್ಕು ತಿಂಗಳು ಓಡಾಟ ಅಂತ ಇಟ್ಕೊಳ್ಳಿ. ಕೊಟ್ಟ ಪ್ರತಿ ಕಾಗದಕ್ಕೂ ಇನ್‌ವರ್ಡ್ ಸೀಲ್ ಹಾಕಿಸ್ಕೊಳ್ಳಿ, ನಾಳೆ ಬನ್ನಿ ಅನ್ನೋರಿಗೆ ಸೀಲ್ ತೋರಿಸಿದ್ರೆ ಮಾತು ಬೇರೆ ಆಗತ್ತೆ.

ಇನ್ನೊಂದು ದಾರಿ 1997ರ ಸೌಹಾರ್ದ ಸಹಕಾರಿ ಕಾಯ್ದೆ. ಅದರಲ್ಲಿ ಸರ್ಕಾರದ ಹಸ್ತಕ್ಷೇಪ ಕಮ್ಮಿ, ಆದ್ರೆ ಸರ್ಕಾರದ ಷೇರು ಬಂಡವಾಳಾನೂ ಇರಲ್ಲ. ಸರ್ಕಾರಿ ನೆರವು, ಯೋಜನೆ ಬೇಕು ಅಂದ್ರೆ 1959ರ ಕಾಯ್ದೆ, ನಮ್ಮ ಪಾಡಿಗೆ ಬಿಡಿ ಅಂದ್ರೆ ಸೌಹಾರ್ದ. ಬಡವರ ಕಾರ್ಮಿಕ ಸಂಘಕ್ಕೆ ನಾನಾದ್ರೆ ಮೊದಲನೇದನ್ನೇ ಹೇಳ್ತೀನಿ.

ಬೈಲಾ: ಇಲ್ಲಿ ಜಿಪುಣತನ ಬೇಡ

ಆಫೀಸಲ್ಲಿ ಮಾದರಿ ಬೈಲಾ ಕೊಡ್ತಾರೆ, ಹೆಸರು ಹಾಕಿ ಸಹಿ ಮಾಡಿ ಅಂತಾರೆ. ಹಾಗೇ ಸಹಿ ಹಾಕಿದ್ರೆ ಐದು ವರ್ಷದಲ್ಲಿ ಅದು ನಾಲ್ಕು ಜನರ ಏಜೆನ್ಸಿ ಆಗಿರತ್ತೆ. ಸದಸ್ಯರಾಗೋಕೆ ಆ ಕೆಲಸ ಸ್ವತಃ ಮಾಡ್ತಿರ್ಬೇಕು ಅಂತ ಬರೀರಿ, ಬರೀ ದುಡ್ಡು ಹಾಕಿ ಡಿವಿಡೆಂಡ್ ತಿನ್ನೋರಿಗೆ ಜಾಗ ಇಲ್ಲ. ಇದಕ್ಕೆ ಟ್ಯಾಕ್ಸ್ ಲಾಭನೂ ಇದೆ: 1961ರ ಆದಾಯ ತೆರಿಗೆ ಕಾಯ್ದೆಯ 80ಪಿ ಸೆಕ್ಷನ್‌ನಲ್ಲಿ, ಸದಸ್ಯರ ದುಡಿಮೆಯನ್ನ ಒಟ್ಟಾಗಿ ಒದಗಿಸೋ ಸಂಘದ ಆ ಲಾಭಕ್ಕೆ ಪೂರ್ತಿ ಡಿಡಕ್ಷನ್ ಇದೆ, ಆದ್ರೆ ಕಂಡೀಷನ್ ಏನಂದ್ರೆ ವೋಟು ದುಡಿಯೋ ಸದಸ್ಯರಿಗೆ, ಸಾಲ ಕೊಟ್ಟ ಸಹಕಾರಿ ಸಂಸ್ಥೆಗೆ, ರಾಜ್ಯ ಸರ್ಕಾರಕ್ಕೆ ಬಿಟ್ರೆ ಇನ್ಯಾರಿಗೂ ಇರಬಾರ್ದು. ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ನಂಬರ್ ಬೇರೆ, ಆಡಿಟರ್‌ನ ಕೇಳಿ, ಆದ್ರೆ ಬೈಲಾದಲ್ಲಿ ಈ ಸಾಲು ಇರ್ಲಿ.

ಹೊಸಬರು ಆರು ತಿಂಗಳು ಕೆಲಸ ಮಾಡಿದ್ಮೇಲೆ ಸದಸ್ಯತ್ವ ಕೊಡ್ಲೇಬೇಕು ಅಂತಾನೂ ಬರೀರಿ. ಹಳೇ ಸದಸ್ಯರೇ ಮಾಲೀಕರಾಗಿ ಹೊಸಬರನ್ನ ಕೂಲಿಗೆ ಇಟ್ಕೊಳ್ಳೋದು ಕಾರ್ಮಿಕ ಸಂಘಗಳಿಗೆ ಅಂಟೋ ಹಳೇ ಕಾಯಿಲೆ. ಬಿಟ್ಟು ಹೋಗೋರ ಷೇರು ಹಣ ಎಷ್ಟು ದಿನದಲ್ಲಿ ವಾಪಸ್, ಹೆಚ್ಚು ಪಗಾರಕ್ಕೂ ಕಮ್ಮಿ ಪಗಾರಕ್ಕೂ ಎಷ್ಟು ಪಟ್ಟು ಅಂತರ ಇರಬಹುದು, ಚೆಕ್‌ಗೆ ಯಾವ ಇಬ್ಬರ ಸಹಿ, ಇದೆಲ್ಲ ಕಾಗದದ ಮೇಲೆ ಬರ್ಬೇಕು. ಆಡಳಿತ ಮಂಡಳಿಯಲ್ಲಿ ಪರಿಶಿಷ್ಟರಿಗೆ, ಹೆಂಗಸರಿಗೆ ಕಾಯ್ದೆಯೇ ಸೀಟು ಇಡತ್ತೆ, ನೀವು ಅದಕ್ಕಿಂತ ಮುಂದೆ ಹೋಗಿ ಅಧ್ಯಕ್ಷರು ಒಂದೇ ಸಮುದಾಯದಿಂದ ಸತತ ಎರಡು ಅವಧಿ ಆಗೋ ಹಾಗಿಲ್ಲ ಅಂತ ಹಾಕೋಕೆ ಪ್ರಯತ್ನ ಪಡಿ. ಆಫೀಸಲ್ಲಿ ಒಪ್ಪದೇ ಹೋದ್ರೆ ಅದನ್ನ ಸದಸ್ಯರ ನಡುವಿನ ಒಪ್ಪಂದ ಅಂತ ಮೊದಲ ಸಭೆಯ ನಡಾವಳಿಯಲ್ಲಿ ಬರೀರಿ.

ಲಾಭದಲ್ಲಿ ಶೇ. 25 ಕಾಯ್ದಿಟ್ಟ ನಿಧಿಗೆ ಹೋಗ್ಲೇಬೇಕು, ಅದು ಕಾನೂನು. ಉಳಿದದ್ದನ್ನ ಷೇರು ಲೆಕ್ಕಕ್ಕಿಂತ ದುಡಿದ ದಿನದ ಲೆಕ್ಕದಲ್ಲಿ ಬೋನಸ್ ಥರ ಹಂಚೋಕೆ ಬೈಲಾದಲ್ಲಿ ದಾರಿ ಇಟ್ಕೊಳ್ಳಿ.

ದುಡ್ಡು ಎಲ್ಲಿಂದ

ಹೌಸ್‌ಕೀಪಿಂಗ್‌ಗೆ ಮಷಿನ್ ಗಿಷಿನ್ ಅಷ್ಟು ಬೇಕಾಗಲ್ಲ. ನಿಜವಾದ ಬಂಡವಾಳ ಯಾವ್ದು ಅಂದ್ರೆ ಒಂದೂವರೆ ತಿಂಗಳ ಪಗಾರ, ಯಾಕಂದ್ರೆ ಅಸೋಸಿಯೇಷನ್ ಬಿಲ್ ಪಾಸ್ ಮಾಡೋದು ಮುಂದಿನ ತಿಂಗಳ ಹತ್ತಕ್ಕೋ ಹದಿನೈದಕ್ಕೋ, ನಿಮ್ಮವ್ರಿಗೆ ಬಾಡಿಗೆ ಕಟ್ಟೋದು ಐದನೇ ತಾರೀಕು. ಹತ್ತು ಜನ 5,000 ಷೇರು ಹಾಕಿದ್ರೆ 50,000, ಅದೂ ಕಂತಲ್ಲಿ. ಏಳು ಜನರ ಒಂದು ತಿಂಗಳ ಪಗಾರಕ್ಕೂ ಸಾಲಲ್ಲ. ಅದಕ್ಕೆ ಒಪ್ಪಂದ ಮಾಡ್ಕೊಳ್ಳೋವಾಗ್ಲೇ ಮೊದಲ ತಿಂಗಳು ಅರ್ಧ ಅಡ್ವಾನ್ಸ್ ಕೇಳಿ, ಸಂಘ ಅಂತ ಗೊತ್ತಾದ್ರೆ ಕೊಡೋ ಅಸೋಸಿಯೇಷನ್‌ಗಳು ಇವೆ. ಸಾಲಕ್ಕೆ ಡಿಸಿಸಿ ಬ್ಯಾಂಕ್ (ಜಿಲ್ಲಾ ಸಹಕಾರಿ ಬ್ಯಾಂಕ್), ದೊಡ್ಡ ಯೋಜನೆ ಇದ್ರೆ ಎನ್‌ಸಿಡಿಸಿ (ರಾಷ್ಟ್ರೀಯ ಸಹಕಾರ ಅಭಿವೃದ್ಧಿ ನಿಗಮ). ಮೀಟರ್ ಬಡ್ಡಿಯವ್ರ ಹತ್ರ ಸಂಘದ ಹೆಸರಲ್ಲಿ ಒಂದು ರೂಪಾಯಿನೂ ಬೇಡ.

ಸಣ್ಣ ಉದ್ಯಮಗಳಿಗೆ ಅಂತ ಇರೋ ಉದ್ಯಮ್ ರಿಜಿಸ್ಟ್ರೇಷನ್ ಫ್ರೀ, ಸಹಕಾರ ಸಂಘನೂ ಮಾಡಿಸಬಹುದು, ಮಾಡ್ಸಿ. ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಕೊಳ್ಳೋರು ಹೆಚ್ಚಂದ್ರೆ 45 ದಿನದಲ್ಲಿ ದುಡ್ಡು ಕೊಡ್ಬೇಕು, ಇಲ್ಲಾಂದ್ರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಪತ್ರದಲ್ಲಿ ಈ ಸೆಕ್ಷನ್ ಒಂದು ಸಲ ಬರೆದ್ರೂ ಸಾಕು, ಎಷ್ಟೋ ಬಿಲ್ ಪಾಸ್ ಆಗತ್ತೆ.

ದಿನಾ ನಡೆಸೋದು

ಹಾಜರಿ ಪುಸ್ತಕ ವಾಟ್ಸಾಪ್ ಗ್ರೂಪಲ್ಲೇ ಇರ್ಲಿ, ಬೆಳಿಗ್ಗೆ ಸೈಟ್‌ನಿಂದ ಒಂದು ಫೋಟೋ, ಓದೋಕೆ ಬರದವ್ರು ವಾಯ್ಸ್ ಮೆಸೇಜ್. ಬಟವಾಡೆ ಕಡ್ಡಾಯ ಬ್ಯಾಂಕಿಗೆ, ಹೆಂಗಸಿನ ಸ್ವಂತ ಅಕೌಂಟಿಗೆ, ಗಂಡನದ್ದಕ್ಕಲ್ಲ. ತಿಂಗಳಿಗೊಂದು ಸಭೆ, ಭಾನುವಾರ ಬೆಳಿಗ್ಗೆ ಬೇಡ ಕ್ರಿಶ್ಚಿಯನ್ನರಿಗೆ ಚರ್ಚ್, ಶುಕ್ರವಾರ ಮಧ್ಯಾಹ್ನ ಬೇಡ, ಶನಿವಾರ ಮೂರು ಗಂಟೆ ಒಳ್ಳೇದು. ಸಭೇಲಿ ಆ ತಿಂಗಳ ಬಂದದ್ದು ಹೋದದ್ದು ಜೋರಾಗಿ ಓದಿ, ಕನ್ನಡದಲ್ಲೋ ಉರ್ದುನಲ್ಲೋ ತಮಿಳಲ್ಲೋ, ಅಲ್ಲಿರೋರಿಗೆ ಅರ್ಥ ಆಗೋ ಭಾಷೇಲಿ.

ಈಗ ಯಾರೂ ಬಾಯಿಬಿಟ್ಟು ಹೇಳದ ವಿಷಯ. ಟಾಯ್ಲೆಟ್ ಯಾರು ತೊಳೀತಾರೆ? ಸಂಘ ಎಷ್ಟೇ ಪ್ರಗತಿಪರ ಆಗಿರ್ಲಿ, ಎರಡನೇ ವಾರಕ್ಕೆ ನೋಡಿದ್ರೆ ಕ್ಲಬ್‌ಹೌಸ್ ಟಾಯ್ಲೆಟ್ ದಲಿತ ಹೆಂಗಸಿನ ಕೈಗೇ ಬಂದಿರತ್ತೆ, ಲಾಬಿ, ಲಿಫ್ಟ್ ಬೇರೆಯವ್ರ ಕೈಗೆ. ಯಾರೂ ಹೇಳಿರಲ್ಲ, ತಾನಾಗೇ ಆಗಿರತ್ತೆ. ಡ್ಯೂಟಿ ಚಾರ್ಟ್ ವಾರಕ್ಕೊಮ್ಮೆ ತಿರುಗ್ಲೇಬೇಕು, ಅಧ್ಯಕ್ಷರೂ ಸೇರಿ, ಚಾರ್ಟ್ ಗೋಡೆ ಮೇಲೆ ಇರ್ಲಿ. ನಾನು ಒಲ್ಲೆ ಅನ್ನೋರಿಗೆ ನಯವಾಗಿ ಹೇಳಿ, ಒಪ್ಪದಿದ್ರೆ ಬೇರೆ ಕೆಲಸ ನೋಡ್ಕೊಳ್ಳಿ ಅನ್ನೋ ಧೈರ್ಯಾನೂ ಇರ್ಲಿ.

ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ಗುಂಡಿ, ಸೆಪ್ಟಿಕ್ ಟ್ಯಾಂಕ್ ಒಳಗೆ ಯಾರೂ ಇಳಿಯೋ ಹಾಗಿಲ್ಲ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯಲ್ಲಿ ರಕ್ಷಣೆ ಇಲ್ದೆ ಇಳಿಸೋದು ಅಪರಾಧ, ಆದ್ರೂ ಸಿಟೀಲಿ ಸಾವು ನಿಂತಿಲ್ಲ. ಮ್ಯಾನೇಜರ್ ಬಂದು ಸ್ವಲ್ಪ ಬ್ಲಾಕ್ ಆಗಿದೆ, ಐನೂರು ಎಕ್ಸ್‌ಟ್ರಾ ಕೊಡ್ತೀನಿ ಅಂತಾನೆ. ಒಪ್ಪಂದದಲ್ಲೇ ಇದು ನಮ್ಮ ಕೆಲಸ ಅಲ್ಲ ಅಂತ ಬರೆದಿರಿ. ಇನ್ನೊಂದು, 10 ಜನ ಇದ್ರೆ ಲೈಂಗಿಕ ಕಿರುಕುಳ ತಡೆ ಸಮಿತಿ ಕಡ್ಡಾಯ. ಇಎಸ್‌ಐ ಕಾರ್ಡ್ ಕೊಟ್ಟು ಸುಮ್ಮನಾಗ್ಬೇಡಿ, ಒಂದು ಸಲ ರಾಜಾಜಿನಗರನೋ ಇಂದಿರಾನಗರನೋ ಇಎಸ್‌ಐ ಆಸ್ಪತ್ರೆಗೆ ಕರ್ಕೊಂಡು ಹೋಗಿ ಚೀಟಿ ಮಾಡಿಸೋದು ತೋರಿಸಿ, ಇಲ್ಲಾಂದ್ರೆ ಕಾರ್ಡ್ ಡಬ್ಬೀಲೇ ಇರತ್ತೆ.

ಸ್ವಂತ ಬಿಸಿನೆಸ್ ಇರೋರಿಗೆ

ಫಿನಾಯಿಲ್ ಮಾಡೋ ದಲಿತ ಉದ್ಯಮಿ, ಯೂನಿಫಾರ್ಮ್ ಹೊಲಿಯೋ ಶಿವಾಜಿನಗರದ ಟೈಲರ್, ಊಟದ ಡಬ್ಬಿ ಕಳಿಸೋ ಹೆಂಗಸು, ಇವ್ರಿಗೆ ಸಂಘ ಬೇಡ, ಆದ್ರೆ ಸಂಘ ಇವ್ರ ಗಿರಾಕಿ ಆಗಬಹುದು. ಪ್ರತಿ ಪೋಸ್ಟ್‌ಗೆ 500 ಸಾಮಾನಿನ ಲೆಕ್ಕ ಹಾಕಿದ್ವಲ್ಲ, ಅದನ್ನ ಎಲ್ಲಿ ಖರ್ಚು ಮಾಡ್ತೀರಿ ಅನ್ನೋದೂ ಮುಖ್ಯ.

ಕೇಂದ್ರ ಸರ್ಕಾರದ ಇಲಾಖೆಗಳು, ಸಾರ್ವಜನಿಕ ಉದ್ಯಮಗಳು ಖರೀದಿಯಲ್ಲಿ ಶೇ. 25 ಸಣ್ಣ ಉದ್ಯಮದಿಂದ ತಗೋಬೇಕು, ಅದರಲ್ಲಿ ಶೇ. 4 ಎಸ್‌ಸಿ, ಎಸ್‌ಟಿ ಉದ್ಯಮಿಗಳಿಂದ, ಶೇ. 3 ಮಹಿಳೆಯರಿಂದ. ಪಾಲುದಾರಿಕೆ ಅಥವಾ ಪ್ರೈವೇಟ್ ಲಿಮಿಟೆಡ್ ಆದ್ರೆ ಶೇ. 51 ಅವ್ರದ್ದಿರ್ಬೇಕು. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ಉದ್ಯಮ್ ಇರೋ ತಯಾರಕರಿಗೆ, ಸೇವೆ ಕೊಡೋರಿಗೆ ಇಎಂಡಿ (ಟೆಂಡರ್ ಠೇವಣಿ) ವಿನಾಯಿತಿ ಸಿಗತ್ತೆ, ಬರೀ ತಂದು ಮಾರೋ ಟ್ರೇಡರ್‌ಗಳಿಗೆ ಸಿಗಲ್ಲ. ರಾಜ್ಯದ ಕಾಮಗಾರಿ ಟೆಂಡರ್‌ನಲ್ಲಿ ಕೆಟಿಪಿಪಿ (ಸರ್ಕಾರಿ ಖರೀದಿ ಪಾರದರ್ಶಕತೆ) ಕಾಯ್ದೆ ತಿದ್ದುಪಡಿ ಮಾಡಿ ಎಸ್‌ಸಿ ಶೇ. 17.15, ಎಸ್‌ಟಿ ಶೇ. 6.95 ಮೀಸಲು ಇಟ್ಟಿದಾರೆ, ಮೊದಲು 50 ಲಕ್ಷದವರೆಗಿನ ಕೆಲಸಕ್ಕಿತ್ತು, ಆಮೇಲೆ 1 ಕೋಟಿಗೆ ಏರ್ತು, ಹಿಂದುಳಿದ ವರ್ಗಗಳ ಪ್ರವರ್ಗ 1, 2ಎಗೂ ಬಂತು. 2025ರಲ್ಲಿ 2 ಕೋಟಿವರೆಗೆ ಏರಿಸಿ 2ಬಿಗೆ, ಅಂದ್ರೆ ಮುಸ್ಲಿಮರಿಗೆ, ಶೇ. 4 ಕೊಡೋ ಮಸೂದೆ ಪಾಸಾಯ್ತು, ರಾಜ್ಯಪಾಲರು ಅದನ್ನ ರಾಷ್ಟ್ರಪತಿಗಳಿಗೆ ಕಳಿಸಿದ್ರು. ಹಂಗಾಗಿ ಟೆಂಡರ್ ಹಾಕೋ ಮುಂಚೆ ಸದ್ಯ ಏನು ಜಾರೀಲಿದೆ ಅಂತ ಟೆಂಡರ್ ಡಾಕ್ಯುಮೆಂಟ್‌ನಲ್ಲೇ ನೋಡಿ, ನ್ಯೂಸ್ ನಂಬ್ಬೇಡಿ.

ಸಾಲಕ್ಕೆ ಅಲ್ಪಸಂಖ್ಯಾತರಿಗೆ ಕೆಎಂಡಿಸಿಯ (ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ) ಶ್ರಮಶಕ್ತಿ ಇದೆ, ಸರಿಯಾಗಿ ಕಂತು ಕಟ್ಟಿದ್ರೆ ಒಂದು ಭಾಗ ಸಬ್ಸಿಡಿ. ತಳ್ಳುಗಾಡಿಯವ್ರಿಗೆ ಪಿಎಂ ಸ್ವನಿಧಿ, 2020ರಲ್ಲಿ 10,000ದಿಂದ ಶುರುವಾಗಿದ್ದು, ಈಗ ಮೊದಲ ಸಾಲ 15,000, ತೀರಿಸಿದ್ರೆ 25,000, ಆಮೇಲೆ 50,000. ದಲಿತ ಉದ್ಯಮಿಗಳಿಗೆ ಅವ್ರದ್ದೇ ವಾಣಿಜ್ಯ ಸಂಘ ಡಿಐಸಿಸಿಐ, ಕೇಂದ್ರ ಸರ್ಕಾರದ ಎಸ್‌ಸಿ ಎಸ್‌ಟಿ ಹಬ್ ಇವೆ, ಟೆಂಡರ್ ಹಾಕೋದು ಕಲಿಸ್ತಾರೆ. ಸಾಲ ಸಿಗೋದಕ್ಕಿಂತ ಕಷ್ಟ ಅಂಗಡಿ ಬಾಡಿಗೆಗೆ ಸಿಗೋದು. ಹೆಸರು ಕೇಳಿದ ತಕ್ಷಣ ಈಗಷ್ಟೇ ಬೇರೆಯವ್ರಿಗೆ ಕೊಟ್ವಿ ಅಂತಾರೆ. ಇದಕ್ಕೆ ಸ್ಕೀಮ್ ಇಲ್ಲ. ಸಂಘದ ಹೆಸರಲ್ಲಿ ಒಂದು ಗೋಡೌನ್ ಹಿಡಿದು ಅದರಲ್ಲೇ ಇಂಥವ್ರಿಗೆ ಒಂದು ಮೂಲೆ ಬಾಡಿಗೆಗೆ ಕೊಡೋದು ಒಂದು ದಾರಿ, ಮಾಲೀಕರ ಜೊತೆ ಕರಾರು ಬರೆಯೋವಾಗ ಉಪಬಾಡಿಗೆ ಷರತ್ತು ಸೇರಿಸ್ಕೊಳ್ಳಿ.

ಎರಡನೇ ವರ್ಷ

ಏಜೆನ್ಸಿಯವ್ರು ನಿಮ್ಮ ಅಪಾರ್ಟ್‌ಮೆಂಟ್‌ಗೆ ಹೋಗಿ 20,000ಕ್ಕೆ ಮಾಡ್ಕೊಡ್ತೀವಿ ಅಂತ ಕೋಟ್ ಕೊಟ್ಟೇ ಕೊಡ್ತಾರೆ. ಜಗಳಕ್ಕೆ ಹೋಗ್ಬೇಡಿ. ನಿಮ್ಮ 24,000ದ ಲೆಕ್ಕದ ಹಾಳೆ ತಗೊಂಡ್ಹೋಗಿ ಸೆಕ್ರೆಟರಿ ಮುಂದೆ ಇಡಿ, ಅವ್ರ 20,000ದಲ್ಲಿ ಪಿಎಫ್ ಚಲನ್ ತೋರಿಸೋಕೆ ಹೇಳಿ ಅನ್ನಿ. ಗುತ್ತಿಗೆದಾರ ಪಿಎಫ್ ಕಟ್ಟದೇ ಹೋದ್ರೆ ಆ ಬಾಧ್ಯತೆ ಅಸೋಸಿಯೇಷನ್ ತಲೆ ಮೇಲೆ ಬರಬಹುದು ಅನ್ನೋದು ಬಹಳ ಸೆಕ್ರೆಟರಿಗಳಿಗೆ ಗೊತ್ತಿರಲ್ಲ, ಗೊತ್ತಾದ್ಮೇಲೆ ರೇಟ್ ಮಾತು ಸ್ವಲ್ಪ ತಣ್ಣಗಾಗತ್ತೆ.

ಪಾಲಿಕೆ ಕೆಲಸಕ್ಕೆ ಕೈ ಹಾಕೋದು ಮೂರನೇ ವರ್ಷಕ್ಕೆ ಇಟ್ಕೊಳ್ಳಿ, ಮೂರು ವರ್ಷದ ಆಡಿಟ್ ರಿಪೋರ್ಟ್ ಕೇಳೋ ಟೆಂಡರ್‌ಗಳೇ ಜಾಸ್ತಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ ಬಂದಿವೆ, ಯಾವ ಕೆಲಸ ಯಾವ ಪಾಲಿಕೆಗೆ ಬರತ್ತೆ ಅಂತ ಮೊದಲೇ ತಿಳ್ಕೊಂಡಿರಿ. ಆಡಿಟ್ ಮಾತ್ರ ಒಂದು ವರ್ಷನೂ ತಪ್ಪಿಸ್ಬೇಡಿ. ಮಾರ್ಚ್ ಮುಗಿದ ತಕ್ಷಣ ವೋಚರ್‌ಗಳನ್ನ ತಿಂಗಳವಾರು ದಾರ ಹಾಕಿ ಕಟ್ಟಿಡಿ, ಜೂನ್ ಒಳಗೆ ಆಡಿಟರ್ ಕೈಗೆ ಕೊಡಿ, ಸೆಪ್ಟೆಂಬರ್‌ನಲ್ಲಿ ಸರ್ವಸದಸ್ಯರ ಸಭೆ ನಡೆಸಿ, ಆಡಿಟ್ ವರದಿ ಜೊತೆ ಲಾಭ ಹಂಚಿಕೆ ಪಟ್ಟೀನೂ ಹೆಸರು, ದುಡಿದ ದಿನ, ಮೊತ್ತ ಸಮೇತ ಎಲ್ಲರ ಮುಂದೆ ಓದಿ ನಡಾವಳಿಗೆ ಸಹಿ ಹಾಕಿಸ್ಕೊಳ್ಳಿ.